ಹೆಣ್ಣು ಜಿಂಕೆಯ ಕೊಂಬು: ಹೀಬ್ರೂವಿನ ಒಂದು ಪದದ ಸುತ್ತ

ಹೆಣ್ಣು ಜಿಂಕೆಗೆ ಕೊಂಬಿರುವುದಿಲ್ಲ. ಬಂಡೀಪುರದ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಒಮ್ಮೆ ಇಣುಕಿದವರಿಗೂ ಇದು ಗೊತ್ತು. ಕವಲುಗೊಂಬು ಹೊತ್ತು ನಿಲ್ಲುವುದು ಗಂಡು. ತಲೆ ಬೋಳಾಗಿರುವುದು ಹೆಣ್ಣು. ಆದರೆ ಯೆಹೂದ್ಯ ಧರ್ಮಚರ್ಚೆಗಳ ಸಂಗ್ರಹವಾದ ಬ್ಯಾಬಿಲೋನಿನ ತಾಲ್ಮೂದಿನ ಯೋಮಾ ಎಂಬ ಭಾಗದಲ್ಲಿ ರಬ್ಬಿ ಅಬ್ಬಾಹು ಬೇರೆಯೇ ಮಾತಾಡುತ್ತಾರೆ. ಹೆಣ್ಣು ಜಿಂಕೆಯ ಕೊಂಬು ಅತ್ತಲೂ ಇತ್ತಲೂ ಕವಲೊಡೆಯುವ ಹಾಗೆಯೇ ಮುಂಜಾವಿನ ಬೆಳಕೂ ಅತ್ತಲೂ ಇತ್ತಲೂ ಒಡೆದು ಹರಡುತ್ತದೆ ಎಂಬುದು ಅವರ ವಿವರಣೆ. ಸಮುದ್ರತೀರದ ಕೈಸರೈಯದಲ್ಲಿದ್ದ ಈ ಪಂಡಿತರು ಜಿಂಕೆಯನ್ನೇ ಕಂಡಿರಲಿಲ್ಲವೆ? ಅಥವಾ ಅವರು ‘ಅಯ್ಯಾಲಾ’ ಅಂದಾಗ ಅವರ ಕಣ್ಣ ಮುಂದೆ ಇದ್ದದ್ದು ನಾವು ಜಿಂಕೆ ಎನ್ನುವ ಪ್ರಾಣಿಯೇ ಅಲ್ಲವೆ?

ಹೀಬ್ರೂ ಬೈಬಲ್ಲಿನಲ್ಲಿ ಈ ಪದ ಬರುವುದು ಹನ್ನೊಂದೇ ಸಲ. ‘ಅಯ್ಯಾಲಾ’ ಎಂಬ ರೂಪ, ಅದರ ಬಹುವಚನವೂ ಸೇರಿ, 8 ಕಡೆ. ‘ಅಯ್ಯೆಲೆತ್’ ಎಂಬ ಇನ್ನೊಂದು ರೂಪ 3 ಕಡೆ. ಗಂಡಿಗೆ ‘ಅಯ್ಯಾಲ್’. ನಿಘಂಟು ತೆರೆದರೆ ಅರ್ಥ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ: ಹೆಣ್ಣು ಜಿಂಕೆ. ಆದರೆ ಹನ್ನೊಂದರಲ್ಲಿ ಐದು ಕಡೆ ಇದು ಜಿಂಕೆಯೇ ಹೌದೋ ಅಲ್ಲವೋ ಎಂಬ ಜಗಳ ಎರಡು ಸಾವಿರ ವರ್ಷಗಳಿಂದ ನಡೆದು ಬಂದಿದೆ. ಒಬ್ಬರಿಗೆ ಅದು ಮರ, ಇನ್ನೊಬ್ಬರಿಗೆ ಬಲ, ಮತ್ತೊಬ್ಬರಿಗೆ ಬೆಳಕು, ಮಗದೊಬ್ಬರಿಗೆ ಒಂದು ವಾದ್ಯ.

ಸ್ವರವಿಲ್ಲದ ಬರಹ

ಜಗಳದ ಬೇರು ಪ್ರಾಣಿಯಲ್ಲಿಲ್ಲ, ಲಿಪಿಯಲ್ಲಿದೆ. ಹಳೆಯ ಹೀಬ್ರೂ ಬರಹದಲ್ಲಿ ವ್ಯಂಜನಗಳನ್ನಷ್ಟೇ ಬರೆಯುತ್ತಿದ್ದರು. ಸ್ವರವನ್ನು ಓದುವವನೇ ತುಂಬಿಕೊಳ್ಳಬೇಕು. ಕಾಗುಣಿತದಲ್ಲೇ ಬೆಳೆದ ಕನ್ನಡಿಗರಿಗೆ ಇದು ವಿಚಿತ್ರವೆನಿಸಬಹುದು. ಕಕಾರ ಲಕಾರಗಳನ್ನು ಮಾತ್ರ ಬರೆದಿಟ್ಟರೆ ಅದನ್ನು ಕಲೆ, ಕಲಿ, ಕಾಲು, ಕೋಲು, ಕೂಲಿ, ಕೀಲಿ ಎಂದು ಹೇಗೆ ಬೇಕಾದರೂ ಓದಬಹುದಷ್ಟೆ? ಹೀಬ್ರೂವಿನ ಅಲೆಫ್, ಯೋದ್, ಲಾಮೆದ್ ಎಂಬ ಮೂರಕ್ಷರದ ಗಂಟಿನಲ್ಲೂ ಹಾಗೆಯೇ ಒಂದು ಸಂತೆ ಸೇರಿದೆ. ‘ಅಯಿಲ್’ ಅಂದರೆ ಟಗರು. ಯೆಹೆಜ್ಕೇಲನ ಗ್ರಂಥದಲ್ಲಿ ಅದೇ ಪದಕ್ಕೆ ಬಾಗಿಲ ಪಕ್ಕದ ಕಂಬವೆಂಬ ಅರ್ಥ. ಮೋವಾಬಿನ ಮುಖಂಡರ ಬಗ್ಗೆ ಹೇಳುವಾಗ ಅದೇ ಪದ ಪ್ರಮುಖನೆಂಬ ಅರ್ಥ ಕೊಡುತ್ತದೆ. ಯೆಶಾಯನಲ್ಲಿ ಅದರ ಬಹುವಚನ ದೊಡ್ಡ ಮರಗಳು. ‘ಎಯಾಲ್’ ಅಂದರೆ ಶಕ್ತಿ. ‘ಅಯ್ಯಾಲ್’ ಅಂದರೆ ಜಿಂಕೆ.

ಕ್ರಿಸ್ತಪೂರ್ವ 3ನೆಯ ಶತಮಾನದಿಂದ ಈಚೆಗೆ ಈ ಗ್ರಂಥಗಳನ್ನು ಗ್ರೀಕ್ ಭಾಷೆಗೆ ತಂದ ಯೆಹೂದ್ಯ ಅನುವಾದಕರ ಕೈಯಲ್ಲಿದ್ದದ್ದು ಸ್ವರಚಿಹ್ನೆಯಿಲ್ಲದ ಸುರುಳಿಗಳು. ಅವರ ಅನುವಾದಕ್ಕೆ ಸೆಪ್ಟುವಜಿಂಟ್ ಎಂದು ಹೆಸರು. ಸ್ವರಚಿಹ್ನೆಗಳನ್ನು ಇಟ್ಟವರು ಬಹಳ ಶತಮಾನಗಳ ನಂತರದ ಮಸೊರೆಟ್ ಪಂಡಿತರು. ತಿಬೇರಿಯದ ಅವರ ಪರಂಪರೆಯ ಹೆಸರಾಂತ ಪ್ರತಿಯಾದ ಅಲೆಪ್ಪೊ ಕೋಡೆಕ್ಸ್ ಸುಮಾರು 930ರದು. ಹೀಗಾಗಿ ಎರಡು ಸಾಕ್ಷಿಗಳು ನಮ್ಮ ಮುಂದಿವೆ. ಹಳೆಯ ಗ್ರೀಕ್ ಅನುವಾದಕ್ಕೆ ವಯಸ್ಸಿನ ಬಲವಿದೆ; ಮಸೊರೆಟ್ ಪಾಠಕ್ಕೆ ಬಾಯಿಂದ ಬಾಯಿಗೆ ಬಂದ ಓದಿನ ಬಲವಿದೆ. ಬಹುಪಾಲು ಜಗಳಗಳಲ್ಲಿ ಈ ಎರಡು ಸಾಕ್ಷಿಗಳೇ ಎದುರುಬದುರು ನಿಲ್ಲುತ್ತವೆ.

ಪದದ ಮೂಲದ ಬಗ್ಗೆ 19ನೆಯ ಶತಮಾನದ ನಿಘಂಟುಕಾರರು ಒಂದು ಅಂದವಾದ ಉತ್ತರ ಕೊಟ್ಟಿದ್ದರು. ಟಗರು, ಕಂಬ, ನಾಯಕ, ಮರ, ಜಿಂಕೆ ಎಲ್ಲವೂ ‘ಬಲ’ ಎಂಬ ಒಂದೇ ಧಾತುವಿನ ಕೊಂಬೆಗಳು ಎಂದು. ಈ ಬಗೆಯ ವಾದಕ್ಕೆ ಜೇಮ್ಸ್ ಬಾರ್ 1961ರಲ್ಲಿ ಬೈಬಲ್ ಭಾಷೆಯ ಅರ್ಥವಿಚಾರದ ಮೇಲೆ ಬರೆದ ಪುಸ್ತಕ ಚೆನ್ನಾಗಿಯೇ ಬಿಸಿ ಮುಟ್ಟಿಸಿತು. ಪದದ ಹುಟ್ಟು ಗೊತ್ತಾದ ಮಾತ್ರಕ್ಕೆ ಒಂದು ವಾಕ್ಯದಲ್ಲಿ ಅದರ ಅರ್ಥ ಗೊತ್ತಾಗುವುದಿಲ್ಲ ಎಂಬುದು ಅವರ ತಕರಾರು. ಜಿಂಕೆಯ ವಿಷಯದಲ್ಲಿ ನೆರೆಭಾಷೆಗಳ ಸಾಕ್ಷ್ಯವೇ ಹೆಚ್ಚು ಗಟ್ಟಿ. ಅಕ್ಕೇಡಿಯನ್ನಿನ ‘ಅಯ್ಯಾಲು’, ಅರಮಾಯಿಕ್‌ನ ‘ಅಯ್ಯಾಲಾ’, ಅರಬ್ಬಿಯ ‘ಅಯ್ಯಿಲ್’ ಎಲ್ಲವೂ ಇದೇ ಜಾತಿಯ ಪ್ರಾಣಿಯನ್ನೇ ತೋರುತ್ತವೆ.

ತಕರಾರಿಲ್ಲದ ಕಡೆಗಳು

ಜಗಳಕ್ಕೆ ಇಳಿಯುವ ಮುಂಚೆ ಜಗಳವಿಲ್ಲದ ಜಾಗಗಳನ್ನು ನೋಡಿಕೊಳ್ಳುವುದು ಒಳ್ಳೆಯದು. ಯೆರೆಮೀಯನ 14ನೆಯ ಅಧ್ಯಾಯದಲ್ಲಿ ಬರಗಾಲದ ಚಿತ್ರವಿದೆ. ಹುಲ್ಲಿಲ್ಲದ ಬಯಲಿನಲ್ಲಿ ಅಯ್ಯೆಲೆತ್ ಮರಿ ಹಾಕಿ, ಹಾಕಿದ ಮರಿಯನ್ನು ಅಲ್ಲೇ ಬಿಟ್ಟು ಹೋಗುತ್ತಾಳೆ. ಯೋಬನ ಗ್ರಂಥದ 39ರಲ್ಲಿ ದೇವರು ಯೋಬನನ್ನು ಕೇಳುವ ಪ್ರಶ್ನೆಗಳಲ್ಲಿ ಒಂದು, ಅಯ್ಯಾಲಾಗಳ ಹೆರಿಗೆಯನ್ನು ನೀನು ಕಾದು ನೋಡಿದ್ದೀಯಾ ಎಂಬುದು. ಇವೆರಡರಲ್ಲೂ ಹೆರುವ, ಮರಿಯುಳ್ಳ, ಕಾಡಿನ ಹೆಣ್ಣು ಪ್ರಾಣಿಯೇ. ಮರವೂ ಅಲ್ಲ, ಬಲವೂ ಅಲ್ಲ.

ಇನ್ನು ಮೂರು ಕಡೆ ಕಾಲಿನ ಮಾತು. 18ನೆಯ ಕೀರ್ತನೆ, ಅದರ ಇನ್ನೊಂದು ಪ್ರತಿಯಾದ ಎರಡನೆಯ ಸಮುವೇಲನ 22ನೆಯ ಅಧ್ಯಾಯ, ಹಬಕ್ಕೂಕನ ಕೊನೆಯ ವಚನ. ದೇವರು ಭಕ್ತನ ಕಾಲನ್ನು ಅಯ್ಯಾಲಾಗಳ ಕಾಲಿನ ಹಾಗೆ ಮಾಡಿ ಎತ್ತರದ ಜಾಗದಲ್ಲಿ ನಿಲ್ಲಿಸುತ್ತಾನೆ. ಹಾಡುತ್ತಿರುವವನು ಯುದ್ಧದಿಂದ ಬಂದ ಗಂಡಸು. ಹೋಲಿಕೆಗೆ ಹೆಣ್ಣು ಜಿಂಕೆ ಏಕೆ? 11ನೆಯ ಶತಮಾನದ ಫ್ರಾನ್ಸಿನ ಭಾಷ್ಯಕಾರ ರಾಶಿ ಇದಕ್ಕೆ ಕೊಡುವ ಉತ್ತರ ನನಗೆ ಬಹಳ ಇಷ್ಟ: ಗಂಡಿನ ಕಾಲಿಗಿಂತ ಹೆಣ್ಣಿನ ಕಾಲು ನೆಟ್ಟಗೆ ನಿಲ್ಲುತ್ತದೆ. ಪ್ರಾಣಿಶಾಸ್ತ್ರ ಒಪ್ಪುತ್ತದೋ ಇಲ್ಲವೋ, ವ್ಯಾಕರಣದ ಲಿಂಗವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಓದುಗ ಸಿಗುವುದು ಅಪರೂಪ.

ಜಿಂಕೆಯೋ, ಮರವೋ

29ನೆಯ ಕೀರ್ತನೆ ಗುಡುಗಿನ ಹಾಡು. ದೇವರ ಧ್ವನಿ ಸಮುದ್ರದ ಮೇಲೆ ಹುಟ್ಟಿ, ಲೆಬನೋನಿನ ದೇವದಾರುಗಳನ್ನು ಮುರಿದು, ಮರುಭೂಮಿಯನ್ನು ನಡುಗಿಸುತ್ತದೆ. ಒಂಬತ್ತನೆಯ ವಚನದಲ್ಲಿ ಆ ಧ್ವನಿ ‘ಅಯ್ಯಾಲೋತ್’ಗಳಿಗೆ ಏನೋ ಮಾಡುತ್ತದೆ, ಮರುಕ್ಷಣದಲ್ಲಿ ಕಾಡುಗಳನ್ನು ಬೋಳಿಸುತ್ತದೆ. ಮಸೊರೆಟ್ ಓದಿನ ಪ್ರಕಾರ ಗುಡುಗಿಗೆ ಬೆದರಿ ಹೆಣ್ಣು ಜಿಂಕೆಗಳು ಅಕಾಲದಲ್ಲಿ ಈಯುತ್ತವೆ. 1611ರ ಇಂಗ್ಲಿಷ್ ಬೈಬಲ್ ಇದನ್ನೇ ಹಿಡಿಯಿತು.

18ನೆಯ ಶತಮಾನದಲ್ಲಿ ಹೀಬ್ರೂ ಕಾವ್ಯದ ‘ಸಮಾಂತರ ಸಾಲು’ಗಳ ನಿಯಮವನ್ನು ವಿವರಿಸಿದ ಬಿಷಪ್ ರಾಬರ್ಟ್ ಲೌತ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಒಂದು ಸಾಲಿನಲ್ಲಿ ಕಾಡಿದ್ದರೆ ಅದರ ಜೋಡಿ ಸಾಲಿನಲ್ಲಿ ಮರವಿರಬೇಕು. ಸ್ವರ ಬದಲಿಸಿದರೆ ಅಯ್ಯಾಲೋತ್ ಓಕ್ ಮರಗಳಾಗುತ್ತವೆ, ಕ್ರಿಯಾಪದ ‘ತಿರುಚು’ ಎಂದಾಗುತ್ತದೆ: ಗಾಳಿಮಳೆಗೆ ಮರಗಳು ತಿರುಚಿಕೊಳ್ಳುತ್ತವೆ. ಚಿತ್ರ ಕಣ್ಣಿಗೆ ಕಟ್ಟುವಂತಿದೆ. ಈಗಿನ ಹಲವು ಇಂಗ್ಲಿಷ್ ಅನುವಾದಗಳು ಲೌತ್ ದಾರಿಯಲ್ಲೇ ಇವೆ.

ಇನ್ನೊಂದು ಪಂಗಡ ಇದೇ ನಿಯಮವನ್ನು ತಿರುಗಿಸಿ ಹಿಡಿಯಿತು. ಜೋಡಿ ಹೊಂದಲೇಬೇಕಾದರೆ ಮೊದಲ ಸಾಲನ್ನೇ ಏಕೆ ತಿದ್ದಬೇಕು, ಎರಡನೆಯದನ್ನು ತಿದ್ದಬಾರದೇಕೆ? ‘ಯೆಆರೋತ್’ ಎಂಬ ಪದ ಕಾಡಲ್ಲ, ಆಡುಮರಿ ಎಂದು ಅರಬ್ಬಿಯ ನೆರವಿನಿಂದ ಜಿ. ಆರ್. ಡ್ರೈವರ್ ವಾದಿಸಿದರು. ಆಗ ಎರಡು ಸಾಲಿನಲ್ಲೂ ಪ್ರಾಣಿ, ಎರಡರಲ್ಲೂ ಹೆರಿಗೆ.

ನನ್ನ ಒಲವು ಜಿಂಕೆಯ ಕಡೆಗೆ. ಕಾರಣ ಸರಳ. ಯೋಬನ 39ರಲ್ಲಿ ಇದೇ ಕ್ರಿಯಾಪದ ಇದೇ ನಾಮಪದದ ಜೊತೆ ಬಂದಿದೆ. ಅಲ್ಲಿ ಹೆರಿಗೆಯಲ್ಲದೆ ಬೇರೆ ಅರ್ಥವೇ ಇಲ್ಲ. ಮರಕ್ಕೆ ಈ ಸ್ತ್ರೀಲಿಂಗ ಬಹುವಚನ ರೂಪ ಬೈಬಲ್ಲಿನಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಕವಿ ಸಾಲುಗಳನ್ನು ಜೋಡಿಸುತ್ತಾನೆ ನಿಜ, ಆದರೆ ಎತ್ತಿನ ಜೋಡಿಯ ಹಾಗೆ ಬಣ್ಣವೂ ಕೊಂಬೂ ಹೊಂದಲೇಬೇಕೆಂದು ಅವನ ಮೇಲೆ ಹಟ ಹಿಡಿಯಲಾಗದು.

ಆದಿಕಾಂಡದ 49ರಲ್ಲಿ ಪ್ರಶ್ನೆ ಇದಕ್ಕಿಂತ ಜಟಿಲ. ಸಾಯುವ ಯಾಕೋಬ ಮಕ್ಕಳನ್ನು ಹರಸುತ್ತಾ ನಫ್ತಾಲಿಯನ್ನು ‘ಅಯ್ಯಾಲಾ ಶೆಲುಹಾ’ ಎನ್ನುತ್ತಾನೆ, ಬಿಟ್ಟ ಅಥವಾ ಕಳಿಸಿದ ಹೆಣ್ಣು ಜಿಂಕೆ. ಅದರ ಬೆನ್ನಿಗೇ ಅವನು ಚೆಲುವಾದ ‘ಇಮ್ರೇ’ಗಳನ್ನು ಕೊಡುತ್ತಾನೆ ಎಂದಿದೆ. ‘ಇಮ್ರೇ’ ಅಂದರೆ ಸಾಮಾನ್ಯವಾಗಿ ಮಾತುಗಳು. ಜಿಂಕೆ ಮಾತಾಡುವುದು ಹೇಗೆ? ಸೆಪ್ಟುವಜಿಂಟ್ ಇಲ್ಲಿ ಜಿಂಕೆಯನ್ನೇ ಕೈಬಿಟ್ಟು ಹರಡಿದ ಮರದ ಕಾಂಡವನ್ನು ತಂದಿತು. 1663ರಲ್ಲಿ ಬೈಬಲ್ಲಿನ ಪ್ರಾಣಿಗಳ ಬಗ್ಗೆ ಮಹಾಗ್ರಂಥ ಬರೆದ ಫ್ರೆಂಚ್ ಪಂಡಿತ ಸಾಮ್ಯುಯೆಲ್ ಬೊಷಾರ್ ಕೂಡ, ಪ್ರಾಣಿಗಳ ಲೇಖಕನಾಗಿಯೂ, ಇಲ್ಲಿ ಮರದ ಪರ. ‘ಇಮ್ರೇ’ ಮರದ ತುದಿಕೊಂಬೆಗಳೆಂದರೆ ಚಿತ್ರ ಪೂರ್ತಿಯಾಗುತ್ತದೆ. ಜಿಂಕೆಯನ್ನು ಉಳಿಸಿಕೊಳ್ಳುವವರು ಅರಮಾಯಿಕ್‌ನ ‘ಇಮ್ಮರ್’ ಪದವನ್ನು ಮುಂದಿಡುತ್ತಾರೆ. ಅದಕ್ಕೆ ಕುರಿಮರಿ ಎಂದರ್ಥ. ಆಗ ಜಿಂಕೆ ಕೊಡುವುದು ಮಾತನ್ನಲ್ಲ, ಚೆಂದದ ಮರಿಗಳನ್ನು.

ಅಧ್ಯಾಯದ ಸುತ್ತಮುತ್ತ ಕಣ್ಣಾಡಿಸಿದರೆ ಯೆಹೂದ ಸಿಂಹದ ಮರಿ, ಇಸ್ಸಾಕಾರ ಕತ್ತೆ, ದಾನ್ ಹಾವು, ಬೆನ್ಯಾಮೀನ ತೋಳ. ಆ ಮೃಗಾಲಯದ ನಡುವೆ ಒಂದು ಮರ ಬಂದು ನಿಲ್ಲುವುದು ಅಸಹಜ ಎಂಬುದು ಜಿಂಕೆಯ ಪರ ವಾದ. ಆದರೆ ಮರುವಚನದಲ್ಲೇ ಬರುವ ಯೋಸೇಫ ಹಣ್ಣು ಬಿಡುವ ಬಳ್ಳಿಯೋ ಕಾಡುಕತ್ತೆಯೋ ಎಂಬ ಜಗಳ ಬೇರೆ ಇದೆಯಲ್ಲ! ಒಂದು ಗಂಟನ್ನು ಬಿಡಿಸಲು ಹೋದರೆ ಪಕ್ಕದ ಗಂಟು ಬಿಗಿಯುತ್ತದೆ.

ಯೆಹೂದ್ಯ ಪರಂಪರೆಗೆ ಮಾತ್ರ ಇಲ್ಲಿ ಸಂಶಯವೇ ಇಲ್ಲ. ತಾಲ್ಮೂದಿನ ಸೋಟಾ ಭಾಗದ ಕತೆಯಲ್ಲಿ, ಯಾಕೋಬನ ಹೆಣ ಹೂಳುವ ಗವಿಯ ಹಕ್ಕಿಗಾಗಿ ಅವನ ಅಣ್ಣ ಏಸಾವ ತಕರಾರು ತೆಗೆದಾಗ ಐಗುಪ್ತಕ್ಕೆ ಓಡಿಹೋಗಿ ಕಾಗದಪತ್ರ ತರಬೇಕಾಗುತ್ತದೆ. ಆಗ ಮುಂದೆ ಬರುವವನು ಜಿಂಕೆಗಾಲಿನ ನಫ್ತಾಲಿ. ಯೂರೋಪಿನ ಯೆಹೂದ್ಯರಲ್ಲಿ ನಫ್ತಾಲಿ ಎಂಬ ಹೆಸರಿನ ಬೆನ್ನಿಗೆ ‘ಹಿರ್ಷ್’ ಅಥವಾ ‘ಹೆರ್ಟ್ಸ್’ ಅಂಟಿಕೊಂಡದ್ದು ಹೀಗೆಯೇ. ಯಿಡ್ಡಿಷ್‌ನಲ್ಲಿ ಹಿರ್ಷ್ ಅಂದರೆ ಜಿಂಕೆ. ಇಸ್ರೇಲಿನ ರಾಷ್ಟ್ರಗೀತೆಯಾದ ‘ಹತಿಕ್ವಾ’ ಬರೆದ ಕವಿಯ ಹೆಸರೂ ನಫ್ತಾಲಿ ಹೆರ್ಟ್ಸ್ ಇಂಬೆರ್.

ಮುಂಜಾವಿನ ಜಿಂಕೆ

ಎಲ್ಲಕ್ಕಿಂತ ಹೆಚ್ಚು ಶಾಯಿ ಖರ್ಚಾಗಿರುವುದು 22ನೆಯ ಕೀರ್ತನೆಯ ತಲೆಬರಹಕ್ಕೆ. ದೇವರೇ ಕೈಬಿಟ್ಟನೆಂದು ಗೋಳಾಡುವ, ಸುವಾರ್ತೆಗಳ ಪ್ರಕಾರ ಶಿಲುಬೆಯ ಮೇಲೆ ಯೇಸು ಮೊದಲ ಸಾಲನ್ನು ಉಚ್ಚರಿಸಿದ, ಅದೇ ಕೀರ್ತನೆ. ಅದರ ನೆತ್ತಿಯ ಮೇಲೆ ‘ಅಯ್ಯೆಲೆತ್ ಹಶ್ಶಹರ್’ ಎಂದಿದೆ. ಶಹರ್ ಅಂದರೆ ಮುಂಜಾವು. ಹಾಡಿನ ಒಳಗೆ ಹೋರಿ, ಸಿಂಹ, ನಾಯಿ ಎಲ್ಲ ಬರುತ್ತವೆ. ಜಿಂಕೆ ಮಾತ್ರ ಎಲ್ಲೂ ಇಲ್ಲ.

ಮೊದಲ ಪಂಗಡ ಇದನ್ನು ಬಲ ಅಥವಾ ನೆರವು ಎಂದು ಓದುತ್ತದೆ. ಸೆಪ್ಟುವಜಿಂಟ್ ಇಲ್ಲಿ ಬೆಳಗಿನ ಹೊತ್ತಿನ ನೆರವು ಎಂದು ಬರೆಯಿತು. ಇದು ತೋಚಿದ್ದು ಗೀಚಿದ್ದಲ್ಲ. ಅದೇ ಕೀರ್ತನೆಯ ಇಪ್ಪತ್ತನೆಯ ವಚನದಲ್ಲಿ ‘ಎಯಾಲೂತ್’ ಎಂಬ ಪದವಿದೆ; ಇಡೀ ಬೈಬಲ್ಲಿನಲ್ಲಿ ಅದು ಬರುವುದು ಅಲ್ಲೊಂದೇ ಕಡೆ. ಗ್ರೀಕ್ ಅನುವಾದಕ ತಲೆಬರಹಕ್ಕೂ ಆ ವಚನಕ್ಕೂ ಒಂದೇ ಗ್ರೀಕ್ ಪದ ಬಳಸಿದ್ದಾನೆ. ಅಂದರೆ ಅವನು ತಲೆಬರಹವನ್ನು ಹಾಡಿನ ಒಳಗಿನ ಪದಕ್ಕೆ ಕೊಂಡಿ ಹಾಕಿ ಓದಿದ. 10ನೆಯ ಶತಮಾನದ ನಿಘಂಟುಕಾರ ಮೆನಹೇಮ್ ಬೆನ್ ಸರೂಕ್ ಕೂಡ ಇದೇ ಕೊಂಡಿಯನ್ನು ಕಂಡರೆಂದು ರಾಶಿ ಹೇಳುತ್ತಾರೆ. ತರ್ಗುಮ್ ಎಂಬ ಅರಮಾಯಿಕ್ ಅನುವಾದ ಇದನ್ನು ಬೆಳಗಿನ ನಿತ್ಯಬಲಿಯ ಬಲ ಎಂದು ಮಾಡಿತು. ಲ್ಯಾಟಿನ್ನಿನಲ್ಲಿ ಇದೇ ಓದು ಬೆಳಗಿನ ‘ಎತ್ತಿಕೊಳ್ಳುವಿಕೆ’ಯಾಗಿ, ಅಗಸ್ಟೀನನ ಕೈಯಲ್ಲಿ ಭಾನುವಾರ ಬೆಳಗಿನ ಪುನರುತ್ಥಾನವಾಯಿತು.

ಎರಡನೆಯ ಪಂಗಡಕ್ಕೆ ಜಿಂಕೆ ಜಿಂಕೆಯೇ. ಗ್ರೀಕ್‌ಗೆ ಅಕ್ಷರಶಃ ಅನುವಾದಿಸಿದ ಅಕ್ವಿಲನೂ, ಹೀಬ್ರೂವಿನಿಂದ ನೇರವಾಗಿ ಕೀರ್ತನೆಗಳನ್ನು ಲ್ಯಾಟಿನ್‌ಗೆ ತಂದ ಜೆರೋಮನೂ ಬೆಳಗಿನ ಜಿಂಕೆಯನ್ನೇ ಬರೆದರು. ಮಾರ್ಟಿನ್ ಲೂಥರನ ಜರ್ಮನ್ನಿನಲ್ಲಿ ಅದು ಮುಂಜಾನೆ ಬೇಟೆಗಾರರು ಅಟ್ಟಿಸಿಕೊಂಡು ಬರುವ ಹೆಣ್ಣು ಜಿಂಕೆ. ಬೇಟೆಯ ಮಾತು ಹೀಬ್ರೂವಿನಲ್ಲಿಲ್ಲ, ಲೂಥರನೇ ಸೇರಿಸಿದ್ದು. ಆದರೆ ನಾಯಿಗಳು ಸುತ್ತುವರಿದ ಆ ಕೀರ್ತನೆಯ ಚಿತ್ರಕ್ಕೆ ಅದೆಷ್ಟು ಚೆನ್ನಾಗಿ ಕೂರುತ್ತದೆ!

ಮೂರನೆಯದು ರಬ್ಬಿಗಳ ಓದು. ಯೋಮಾ ಭಾಗದಲ್ಲೇ ಈ ಜಿಂಕೆಯನ್ನು ಎಸ್ತೇರ್ ರಾಣಿಗೆ ಹೋಲಿಸಿದ್ದಾರೆ. ಮುಂಜಾವು ಇಡೀ ರಾತ್ರಿಯ ಕೊನೆಯಾದಂತೆ ಎಸ್ತೇರಳ ಕತೆ ಎಲ್ಲ ಪವಾಡಗಳ ಕೊನೆ ಎಂಬುದು ರಬ್ಬಿ ಅಸ್ಸಿಯ ಮಾತು. ಯೆರೂಸಲೇಮಿನ ತಾಲ್ಮೂದಿನಲ್ಲಿ ಇನ್ನೊಂದು ಚಿತ್ರವಿದೆ. ರಬ್ಬಿ ಹಿಯ್ಯಾ ಮತ್ತು ರಬ್ಬಿ ಶಿಮೋನ್ ಬೆನ್ ಹಲಫ್ತಾ ನಸುಕಿನಲ್ಲಿ ಅರ್ಬೆಲ್ ಕಣಿವೆಯಲ್ಲಿ ನಡೆಯುತ್ತಿರುವಾಗ ಅಯ್ಯೆಲೆತ್ ಹಶ್ಶಹರ್ ಒಡೆಯುವುದನ್ನು ಕಂಡು, ಬಿಡುಗಡೆಯೂ ಹೀಗೆಯೇ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ ಅನ್ನುತ್ತಾರೆ. ಅದೇ ಜಾಗದಲ್ಲಿ ಒಂದು ಎಚ್ಚರಿಕೆಯೂ ಇದೆ: ಇದನ್ನು ನಕ್ಷತ್ರ ಎನ್ನುವವರು ತಪ್ಪು ಮಾಡುತ್ತಾರೆ, ನಕ್ಷತ್ರ ಒಮ್ಮೆ ಬೇಗ ಒಮ್ಮೆ ತಡವಾಗಿ ಬರುತ್ತದೆ, ಇದು ಪೂರ್ವದಲ್ಲಿ ಏಳುವ ಬೆಳಕಿನ ಎರಡು ಕೊಂಬು. ಎಚ್ಚರಿಕೆಯನ್ನು ಯಾರೂ ಕೇಳಲಿಲ್ಲ. ಇಂದಿನ ಹೀಬ್ರೂವಿನಲ್ಲಿ ಅಯೆಲೆತ್ ಹಶಹರ್ ಅಂದರೆ ಬೆಳ್ಳಿಚುಕ್ಕಿ, ಶುಕ್ರಗ್ರಹ. ಗಲಿಲಾಯದಲ್ಲಿ ಅದೇ ಹೆಸರಿನ ಕಿಬುಟ್ಸ್ (ಸಾಮೂಹಿಕ ಹಳ್ಳಿ) ಕೂಡ ಇದೆ.

ನಾಲ್ಕನೆಯದು ಎಲ್ಲಕ್ಕಿಂತ ಸಾದಾ, ನನಗೆ ಎಲ್ಲಕ್ಕಿಂತ ಒಪ್ಪಿಗೆಯಾಗುವುದು. 12ನೆಯ ಶತಮಾನದ ಸ್ಪೇನಿನ ಇಬ್ನ್ ಎಜ್ರಾ, ಇದು ಆ ಕಾಲಕ್ಕೆ ಎಲ್ಲರಿಗೂ ಗೊತ್ತಿದ್ದ ಯಾವುದೋ ಪ್ರೇಮಗೀತೆಯ ಮೊದಲ ಮಾತು, ಕೀರ್ತನೆಯನ್ನು ಅದರ ಧಾಟಿಯಲ್ಲಿ ಹಾಡಬೇಕು ಎಂದರು. 56ನೆಯ ಕೀರ್ತನೆಯ ತಲೆಯ ಮೇಲೆ ದೂರದೇಶದ ಮೌನ ಪಾರಿವಾಳವಿದೆ, 45 ಮತ್ತು 69ರ ಮೇಲೆ ತಾವರೆಯಂಥ ಹೂಗಳಿವೆ. ಒಳಗೆ ಅವುಗಳ ಸುಳಿವಿಲ್ಲ. ನಮ್ಮ ಹಳೆಯ ಕಂಪನಿ ನಾಟಕಗಳ ಪದ್ಯದ ಪುಸ್ತಕಗಳನ್ನು ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಹಾಡಿನ ನೆತ್ತಿಯಲ್ಲಿ ಇನ್ನೊಂದು ಹಾಡಿನ ಮೊದಲ ಮಾತು ಹಾಕಿ ‘ಎಂಬ ಮಟ್ಟು’ ಎಂದು ಅಚ್ಚು ಮಾಡುತ್ತಿದ್ದರು. ಆ ಮಾತಿಗೂ ಕೆಳಗಿನ ಹಾಡಿಗೂ ಅರ್ಥದ ಸಂಬಂಧ ಹುಡುಕಿದವನು ನಗೆಪಾಟಲಾಗುತ್ತಿದ್ದ. 1611ರ ಇಂಗ್ಲಿಷ್ ಅನುವಾದಕರು ಈ ಪದಗಳನ್ನು ಅನುವಾದಿಸದೆ ಹೀಬ್ರೂವಿನಲ್ಲೇ ಬಿಟ್ಟರು. ಹೆಸರನ್ನು ಹೆಸರಾಗಿ ಬಿಟ್ಟ ಆ ವಿವೇಕ ಮೆಚ್ಚತಕ್ಕದ್ದು.

1929ರಿಂದ ಸಿರಿಯಾದ ರಾಸ್ ಶಮ್ರಾದಲ್ಲಿ ಸಿಕ್ಕ ಉಗರಿತ್ ಫಲಕಗಳಲ್ಲಿ ಶಹರ್ ಒಬ್ಬ ದೇವರ ಹೆಸರು ಎಂದು ತಿಳಿದಮೇಲೆ, ಈ ಜಿಂಕೆಯ ಹಿಂದೆ ಕಾನಾನ್ಯರ ಪುರಾಣವಿರಬಹುದೆಂಬ ಊಹೆಯೂ ಹುಟ್ಟಿತು. ಆದರೆ ಶಹರ್ ಹುಟ್ಟುವ ಆ ಫಲಕದ ಕತೆಯಲ್ಲಿ ಜಿಂಕೆಯ ಪಾತ್ರವಿಲ್ಲ.

ಪ್ರೀತಿಯ ಮಾತು

ಜ್ಞಾನೋಕ್ತಿಗಳ 5ನೆಯ ಅಧ್ಯಾಯ ಕೈಹಿಡಿದ ಹೆಂಡತಿಯನ್ನು ಪ್ರೀತಿಯ ಅಯ್ಯೆಲೆತ್ ಎನ್ನುತ್ತದೆ. ಇಲ್ಲಿ ಅರ್ಥದ ಜಗಳವಿಲ್ಲ. ಆದರೆ ರಬ್ಬಿಗಳು ಆ ಹೆಂಡತಿಯನ್ನು ಧರ್ಮಶಾಸ್ತ್ರವಾದ ತೋರಾ ಎಂದೇ ಓದಿದರು. ಪರಮಗೀತೆ ಇನ್ನೂ ಸ್ವಾರಸ್ಯದ್ದು. ನಾಯಕಿ ಯೆರೂಸಲೇಮಿನ ಹೆಣ್ಣುಮಕ್ಕಳಿಂದ ಎರಡು ಸಲ ಆಣೆ ಮಾಡಿಸುತ್ತಾಳೆ, ಬಯಲಿನ ಹುಲ್ಲೆಗಳ ಮೇಲೆ, ಹೆಣ್ಣು ಜಿಂಕೆಗಳ ಮೇಲೆ. ಆಣೆಯನ್ನು ದೇವರ ಮೇಲಲ್ಲವೆ ಇಡುವುದು? ಹುಲ್ಲೆಗಳಿಗೆ ಹೀಬ್ರೂವಿನಲ್ಲಿ ‘ತ್ಸೆವಾಓತ್’. ಸೇನಾಧೀಶ್ವರನಾದ ದೇವರ ಬಿರುದೂ ತ್ಸೆವಾಓತ್. ‘ಅಯ್ಲೋತ್ ಹಸ್ಸಾದೆ’ ಎಂಬುದು ‘ಎಲ್ ಶದ್ದೈ’ ಎಂಬ ದೇವನಾಮದ ಸದ್ದನ್ನು ಮರೆಯಲ್ಲಿಟ್ಟುಕೊಂಡಿದೆ ಎಂದು ರಾಬರ್ಟ್ ಗೋರ್ಡಿಸ್ ತೋರಿಸಿದರು. ಪ್ರೇಮದ ಮಾತಿಗೆ ದೇವರ ಹೆಸರೆತ್ತಲು ಹಿಂಜರಿದು ಜಿಂಕೆಯ ಹೆಸರೆತ್ತಿದ ಹಾಗೆ. ಸೆಪ್ಟುವಜಿಂಟ್ ಇಲ್ಲೂ ಜಿಂಕೆಗಳನ್ನು ಬಿಟ್ಟು ಬಯಲಿನ ಬಲಗಳೆಂದೇ ಬರೆದಿದೆ. ಐದು ಜಗಳಗಳಲ್ಲಿ ಮೂರರಲ್ಲಿ ಗ್ರೀಕ್ ಓದು ‘ಬಲ’ದ ಕಡೆಗೇ ವಾಲಿರುವುದು ಗಮನಿಸಬೇಕಾದದ್ದು.

ಅಷ್ಟಕ್ಕೂ ಯಾವ ಪ್ರಾಣಿ?

ಕೊಂಬಿನ ಪ್ರಶ್ನೆಗೆ ಮರಳೋಣ. ಇಸ್ರೇಲಿನ ಬೆಟ್ಟಗಳಲ್ಲಿರುವ ಹುಲ್ಲೆ ನಮ್ಮ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯ ಚಿಂಕಾರದ ನೆಂಟ; ಅದರ ಹೆಣ್ಣಿಗೆ ಸಣ್ಣ ಕೊಂಬಿರುತ್ತದೆ, ಕವಲಿರುವುದಿಲ್ಲ. ಏನ್‌ಗೆದಿಯ ಬಂಡೆಗಳ ಮೇಲಿನ ಕಾಡುಮೇಕೆ ಐಬೆಕ್ಸ್‌ನ ಹೆಣ್ಣಿಗೂ ಹಾಗೆಯೇ. ಆದರೆ ಬೈಬಲ್ಲಿನಲ್ಲಿ ಹುಲ್ಲೆಗೆ ‘ತ್ಸ್ವಿ’, ಕಾಡುಮೇಕೆಗೆ ‘ಯಾಏಲ್’ ಎಂದು ಬೇರೆ ಬೇರೆ ಪದಗಳಿವೆ. ಧರ್ಮೋಪದೇಶಕಾಂಡದ 14ನೆಯ ಅಧ್ಯಾಯ ತಿನ್ನಬಹುದಾದ ಕಾಡುಪ್ರಾಣಿಗಳ ಪಟ್ಟಿಯಲ್ಲಿ ಅಯ್ಯಾಲ್, ತ್ಸ್ವಿ, ಯಹ್ಮೂರ್ ಎಂದು ಬಿಡಿಬಿಡಿಯಾಗಿ ಹೇಳುತ್ತದೆ. ಹಾಗಾದರೆ ಅಯ್ಯಾಲ್ ಕವಲುಗೊಂಬಿನ ನಿಜವಾದ ಜಿಂಕೆಯೇ ಇರಬೇಕು. ಎತ್ತರದ ಬಂಡೆಯ ಮೇಲೆ ನಿಲ್ಲುವ ಹಬಕ್ಕೂಕನ ಅಯ್ಯಾಲಾ ಮಾತ್ರ ಕಾಡುಜಿಂಕೆಗಿಂತ ಬೆಟ್ಟದ ಮೇಕೆಯನ್ನೇ ಹೋಲುತ್ತದೆ.

ಎಬಾಲ್ ಬೆಟ್ಟದಲ್ಲಿ ಆದಾಮ್ ಜೆರ್ಟಾಲ್ ಅಗೆದ ಕಬ್ಬಿಣಯುಗದ ನೆಲೆಯಲ್ಲಿ ಸಿಕ್ಕ ಮೂಳೆಗಳಲ್ಲಿ ಮೈಮೇಲೆ ಚುಕ್ಕೆಯಿರುವ ಫ್ಯಾಲೋ ಜಿಂಕೆಯವೂ ಇದ್ದವು. ಆ ನಾಡಿನ ಪ್ರಾಚೀನ ನೆಲೆಗಳಲ್ಲಿ ಜಿಂಕೆಯ ಮೂಳೆ ಸಿಕ್ಕರೆ ಹೆಚ್ಚಾಗಿ ಅದೇ. ಆದರೆ ಆಧುನಿಕ ಹೀಬ್ರೂವಿನಲ್ಲಿ ಅದಕ್ಕೆ ಯಹ್ಮೂರ್ ಎಂಬ ಹೆಸರು ಕೊಟ್ಟಾಗಿದೆ. ಯೂರೋಪಿನಿಂದ ಬಂದ ಯೆಹೂದ್ಯರು ತ್ಸ್ವಿ ಎಂದರೆ ಹಿರ್ಷ್ ಎಂದೇ ತಿಳಿದು ಬಂದಿದ್ದರು. ಪ್ರಾಣಿಶಾಸ್ತ್ರಜ್ಞರು ಆ ಪದವನ್ನು ಹುಲ್ಲೆಗೆ ಕೊಟ್ಟರು. ಜನರ ಮಾತಿನಲ್ಲಿ ಎರಡೂ ಇವತ್ತಿಗೂ ಅದಲುಬದಲಾಗುತ್ತವೆ. ನಾವೂ ಜಿಂಕೆ, ಹುಲ್ಲೆ, ಎರಳೆ, ಚಿಗರೆಗಳನ್ನು ಊರಿಗೊಂದು ಪ್ರಾಣಿಗೆ ಹಚ್ಚುವವರೇ ಆದ್ದರಿಂದ ಅವರನ್ನು ನೋಡಿ ನಗುವಂತಿಲ್ಲ.

ಇತ್ಯರ್ಥವಾಗದೆ ಉಳಿದವು

29ನೆಯ ಕೀರ್ತನೆಯ ಜಗಳ ಜಿಂಕೆಯ ಪರವಾಗಿ ಹೆಚ್ಚುಕಡಿಮೆ ಮುಗಿದಿದೆ ಎಂಬುದು ನನ್ನ ಎಣಿಕೆ. ಒಪ್ಪದವರು ಬಹಳ ಜನರಿದ್ದಾರೆ. ನಫ್ತಾಲಿಯ ಜಿಂಕೆ ಮಾತು ಕೊಟ್ಟಿತೋ ಮರಿ ಕೊಟ್ಟಿತೋ ತೀರ್ಮಾನವಾಗಿಲ್ಲ. 42ನೆಯ ಕೀರ್ತನೆಯಲ್ಲಿ ನೀರಿಗಾಗಿ ಬಾಯಿಬಿಡುವ ಜಿಂಕೆಗೆ ನಾಮಪದ ಗಂಡು, ಕ್ರಿಯಾಪದ ಹೆಣ್ಣು. ‘ಅಯ್ಯೆಲೆತ್’ ಎಂದೇ ಬರೆದಿದ್ದು, ಮುಂದಿನ ಪದದ ಮೊದಲಕ್ಷರವೂ ತಕಾರವಾದ್ದರಿಂದ ಪ್ರತಿಕಾರನ ಕೈಯಲ್ಲಿ ಒಂದು ತಕಾರ ನುಂಗಿಹೋಯಿತು ಎಂಬ ಊಹೆ ಸಮಂಜಸ. ಅದನ್ನು ಒಪ್ಪಿದರೆ ನಮ್ಮ ಹನ್ನೊಂದು ಹನ್ನೆರಡಾಗುತ್ತದೆ. 22ನೆಯ ಕೀರ್ತನೆಯ ತಲೆಬರಹ ಒಂದು ಮಟ್ಟಿನ ಹೆಸರೇ ಆಗಿದ್ದರೂ ಆ ಹಾಡು ಕಳೆದುಹೋಗಿದೆ, ಅದರಲ್ಲಿ ಜಿಂಕೆ ಏನು ಮಾಡುತ್ತಿತ್ತೋ ತಿಳಿಯುವ ದಾರಿಯಿಲ್ಲ. ರಬ್ಬಿ ಅಬ್ಬಾಹುವಿನ ಕೊಂಬಿಗೂ ಉತ್ತರವಿಲ್ಲ.

ಪ್ರಾಣಿಯ ಹೆಸರು ಮಾತ್ರ ಒಂದು ಕಡೆ ನೆಲೆ ಕಂಡಿದೆ. ಕರ್ಮೆಲ್ ಬೆಟ್ಟದಲ್ಲಿ 20ನೆಯ ಶತಮಾನದ ಆರಂಭದಲ್ಲಿ ಅಳಿದುಹೋದ ರೋ ಎಂಬ ಸಣ್ಣ ಜಾತಿಯ ಜಿಂಕೆಗಳನ್ನು ಹೊರಗಿನಿಂದ ತಂದು ಮತ್ತೆ ಅಲ್ಲಿನ ಕಾಡಿಗೆ ಬಿಟ್ಟಿದ್ದಾರೆ. ಇಂದಿನ ಹೀಬ್ರೂವಿನಲ್ಲಿ ಅದರ ಹೆಸರು ‘ಅಯಾಲ್ ಹಕರ್ಮೆಲ್’. ಅದರ ಹೆಣ್ಣಿಗೂ ಕೊಂಬಿಲ್ಲ.